ಹಾಸು ನೀಲಿ, ಹೊಕ್ಕು ಬಿಳಿ

ಪಂಚೆಯುಟ್ಟು ಹಳಗನ್ನಡ ಪಾಠ ಹೇಳುವ ಪಂಡಿತನಿಗೆ ಜೀನ್ಸ್ ಷರಾಯಿಯ ಗೊಡವೆಯೇಕೆಂದು ವಾಚಕರು ನಗಬಹುದು. ನಗಲಿ. ಮೂರು ವರ್ಷಗಳಿಂದ ನಮ್ಮ ಮನೆಯವರಿಗೆ ಭುಜದ ಬೇನೆ. ಆದಕಾರಣ ಮಕ್ಕಳ ಬಟ್ಟೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನೀರುಂಡ ಜೀನ್ಸು ಎಷ್ಟು ಭಾರವೆಂಬುದನ್ನು ಎತ್ತಿದವರೇ ಬಲ್ಲರು.

ಆದರೆ ಇದನ್ನು ಬರೆಯಲು ನನ್ನನ್ನು ಪ್ರೇರಿಸಿದವರು ಪ್ರಸಾದನಿಲಯದ ಹುಡುಗರು. ಭಾನುವಾರ ಬೆಳಿಗ್ಗೆ ಅವರು ಆ ಷರಾಯಿಗಳನ್ನು ಕಲ್ಲಿನ ಮೇಲೆ ಬಡಿಯುವ ಸದ್ದು ನಮ್ಮ ಮನೆಯವರೆಗೂ ಕೇಳಿಸುತ್ತದೆ. ಅದೊಂದನ್ನು ಕೊಡಿಸಲು ಎಷ್ಟೋ ತಂದೆತಾಯಿಗಳು ಹಲವು ದಿನಗಳ ಕೂಲಿಯನ್ನು ಕೂಡಿಟ್ಟಿರುತ್ತಾರೆ. ವರ್ಷ ತುಂಬುವಷ್ಟರಲ್ಲಿ ಮೊಣಕಾಲು ಬೆಳ್ಳಗಾಗಿ ಅಂಚು ಜೂಲು ಬಿಟ್ಟಿರುತ್ತದೆ. ಹುಟ್ಟಿನಿಂದ ಅದು ದುಡಿಯುವವರ ಉಡುಪು. ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೀವೈ ಸ್ಟ್ರಾಸ್ ಎಂಬ ವರ್ತಕನೂ ಜೇಬಿನ ಮೂಲೆಗಳು ಹರಿಯದಂತೆ ಲೋಹದ ಮೊಳೆ ಬಡಿಯುವ ಉಪಾಯಕ್ಕೆ 1873ರಲ್ಲಿ ಪೇಟೆಂಟ್ ಪಡೆದರು.

ಬಟ್ಟೆಯ ಗುಟ್ಟು ನೇಯ್ಗೆಯಲ್ಲಿದೆ. ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಸಾಮಾನ್ಯವಾಗಿ ಹೊಕ್ಕು ಮೂರು ಹಾಸುಗಳ ಕೆಳಗೆ ನುಸುಳಿ ಒಂದರ ಮೇಲೆ ಹಾಯುವುದರಿಂದ ಹೊರಮೈ ನೀಲಿಯಾಗಿಯೂ ಒಳಮೈ ಬೆಳ್ಳಗೂ ಕಾಣುವುದು. ನೀಲಿಯಾದರೋ (ಇಂಡಿಗೋ ಎಂಬ ಅದರ ಹೆಸರು ಗ್ರೀಕರ ಬಾಯಲ್ಲಿ ನಮ್ಮ ದೇಶದ ಹೆಸರಿನಿಂದಲೇ ಹುಟ್ಟಿತು) ನೀರಿನಲ್ಲಿ ಕರಗುವ ದ್ರವ್ಯವಲ್ಲ. ಕ್ಷಾರದ ತೊಟ್ಟಿಯಲ್ಲಿ ಅದನ್ನು ಹಳದಿಹಸಿರಿನ ದ್ರಾವಣವಾಗಿಸಿ ನೂಲನ್ನು ಅದ್ದಿ ಮೇಲೆತ್ತಿದರೆ, ಗಾಳಿ ಸೋಕಿ ಮರಳಿ ನೀಲಿಯಾಗುತ್ತದೆ. ಹಲವು ಸಲ ಅದ್ದಿದರೂ ಬಣ್ಣ ನೂಲಿನ ಹೊರಪದರದಲ್ಲಿ ನಿಂತು, ಒಡಲು ಬಿಳಿಯಾಗಿಯೇ ಉಳಿಯುತ್ತದೆ. ಉಜ್ಜಿದಷ್ಟೂ ಪದರ ಸವೆದು ಬಿಳಿ ಇಣುಕುವುದು. ಇಷ್ಟು ತಿಳಿದವನಿಗೆ ಒಗೆಯುವ ಕ್ರಮವನ್ನು ಬೇರೆ ಹೇಳಬೇಕಿಲ್ಲ. ಆದರೂ ಹೇಳುವುದು ಪಂಡಿತರ ಚಾಳಿ.

ಗುಂಡಿ, ಜಿಪ್ಪು ಹಾಕಿ, ಒಳಮೈಯನ್ನು ಹೊರಕ್ಕೆ ತಿರುವಿ, ಸೌಮ್ಯವಾದ ಸಾಬೂನು ಕದಡಿದ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು ಕೈಯಿಂದ ಅದುಮಬೇಕು. ಕಲ್ಲು, ಬ್ರಷ್ಷುಗಳ ಸಹವಾಸ ಬೇಡ. ಬಿಳಿಯ ಬಟ್ಟೆಯನ್ನು ಜೊತೆಗೆ ನೆನೆಸಲಾಗದು. ಉಪ್ಪು ಹಾಕಿದರೆ ಬಣ್ಣ ನಿಲ್ಲುವುದೆಂಬ ಮಾತು ಈ ನೀಲಿಗೆ ಅನ್ವಯಿಸದು. ದಿನವೂ ಒಗೆಯುವುದೂ ಅನವಶ್ಯಕ. ಕಲೆಯಾದೆಡೆ ಒದ್ದೆಬಟ್ಟೆಯಿಂದ ಒರೆಸಿ ಗಾಳಿಗೆ ಹರವಿದರೆ ಎಷ್ಟೋ ದಿನ ಸಾಗುತ್ತದೆ. ಉಟ್ಟುದನ್ನು ಅಂದೇ ಒಗೆಯುವ ರೂಢಿಯ ನನಗೆ ಇದು ಬಹುಕಾಲ ರುಚಿಸಲಿಲ್ಲ.

ಮನೆಯಲ್ಲಿ ಹೀಗೆ ಕಾಪಾಡುವ ಬಣ್ಣವನ್ನು ಕಾರ್ಖಾನೆಗಳಲ್ಲಿ ಬೇಕೆಂದೇ ಕೆಡಿಸುವರೆಂಬುದು ವಿಚಿತ್ರ. ಹೊಸ ಬಟ್ಟೆ ಹಳತಾಗಿ ಕಾಣಲೆಂದು ಹಗುರವಾದ ಜ್ವಾಲಾಮುಖಿಯ ಕಲ್ಲುಗಳೊಡನೆ ತಿರುವಿ ತೊಳೆಯುವುದುಂಟು. ತುರ್ಕಿಯಲ್ಲಿ ಮರಳನ್ನೇ ರಭಸದಿಂದ ಚಿಮ್ಮಿಸುತ್ತಿದ್ದರು. ಆ ಧೂಳು ಉಸಿರಿಗೆ ಹೋಗಿ ಎಳೆಯ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಗೆ ತುತ್ತಾದರು, ಹಲವರು ತೀರಿಕೊಂಡರು. 2009ರಲ್ಲಿ ಅಲ್ಲಿಯ ಸರಕಾರ ಆ ಪದ್ಧತಿಯನ್ನು ನಿಷೇಧಿಸಿತು. ಮಾಸಲು ಮೊಣಕಾಲಿಗೆ ಆಸೆಪಡುವ ಹುಡುಗರಿಗೆ ತರಗತಿಯಲ್ಲಿ ಇದನ್ನು ಹೇಳಿದೆ. ಆ ಹೊತ್ತು ಯಾರೂ ಮಾತನಾಡಲಿಲ್ಲ.

ಒಣಗಿಸುವ ವಿಷಯ ಉಳಿಯಿತು. ಹಿಂಡದೆ ನೀರಿಳಿಯಬಿಟ್ಟು, ಹೊಲಿಗೆಗಳನ್ನು ನೇರವಾಗಿ ಎಳೆದು, ಸೊಂಟದ ಪಟ್ಟಿ ಹಿಡಿದು ನೆರಳಿನಲ್ಲಿ ತೂಗುಹಾಕಬೇಕು. ಬಿಸಿಲು ನೀಲಿಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಜೇಬು, ಸೊಂಟಗಳು ಆರಲು ಎರಡು ದಿನವಾದರೂ ಬೇಕು. ಸೋಮವಾರಕ್ಕೆ ತೊಡುವವರು ಭಾನುವಾರದವರೆಗೆ ಕಾಯದೆ ಶುಕ್ರವಾರ ಸಂಜೆಯೇ ನೆನೆಹಾಕುವುದು ಒಳಿತು.