ಕುಚ್ಚಿಗೆ ಎಷ್ಟು ನಿಮಿಷ?

ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಸಲ ಬೋರ್ಡುಗಳನ್ನು ಓದಿಕೊಂಡು ನಡೀರಿ. ‘ಫಾಲ್ಸ್, ಜಿಗ್‌ಜಾಗ್, ಕುಚ್ಚು ಹಾಕಿಕೊಡಲಾಗುತ್ತದೆ’ ಅನ್ನೋ ಸಾಲು ಎಲ್ಲೋ ಒಂದು ಕಡೆ ಕಂಡೇ ಕಾಣುತ್ತೆ. ಮದ್ದೂರು, ಮಳವಳ್ಳಿಯಲ್ಲೂ ಅಷ್ಟೇ. ಆದರೆ ಅಂಗಡಿ ಒಳಗೆ ಹೋದರೆ ಕುಚ್ಚು ಹಾಕುವವರು ಸಾಮಾನ್ಯವಾಗಿ ಇರಲ್ಲ. ಸೀರೆ ಒಂದು ಕವರ್‌ನಲ್ಲಿ ಯಾರದೋ ಮನೆಗೆ ಹೋಗುತ್ತೆ. ನಾಲ್ಕು ದಿನ ಬಿಟ್ಟು ಸೆರಗಿನ ತುದಿಗೆ ಮಣಿ, ಗೊಂಡೆ ಎಲ್ಲಾ ಹಾಕಿಸಿಕೊಂಡು ವಾಪಸ್ ಬರುತ್ತೆ. ಆ ‘ಯಾರದೋ ಮನೆ’ಗಳಲ್ಲಿ ಮಳವಳ್ಳಿಯ ನಮ್ಮನೆಯೂ ಒಂದು. ಕುಚ್ಚು ಹಾಕೋದು ನಮ್ಮವ್ವ.

ಅವ್ವನ ಕೈಗೆ ಕ್ರೋಶಾ ಕಡ್ಡಿ ಬಂದಿದ್ದು ದುಡ್ಡಿಗಾಗಿ ಅಲ್ಲ. ನಾನು ಚಿಕ್ಕವಳಿದ್ದಾಗ ನಮ್ಮನೇಲಿ ಟಿವಿ ಮೇಲೆ ಬಿಳಿ ದಾರದ ಹೆಣಿಗೆ ಬಟ್ಟೆ, ಬಾಗಿಲಿಗೆ ಉಲ್ಲನ್ ತೋರಣ, ಹಳೇ ಸೀರೆ ಕತ್ತರಿಸಿ ಹೊಲಿದ ದಿಂಬಿನ ಕವರು, ನನ್ನ ಫ್ರಾಕಿನ ಅಂಚಿಗೆ ಗುಲಾಬಿ ಬಣ್ಣದ ಲೇಸು, ಎಲ್ಲಾ ಅವ್ವಂದೇ. ಈಗ ನಾನು ಹಾಸ್ಟೆಲಿಗೆ ತಂದಿರೋ ಲ್ಯಾಪ್‌ಟಾಪ್ ಬ್ಯಾಗೂ ಅವಳದ್ದೇ. ‘ಎಲ್ಲಿ ತಗೊಂಡೆ ಮಗಾ, ಆನ್‌ಲೈನಾ?’ ಅಂತ ಕೇಳದವರಿಲ್ಲ.

ಇಂಜಿನಿಯರಿಂಗ್ ಓದೋರಿಗೆ ಈ ಕ್ರೋಶಾದಲ್ಲಿ ಬೆರಗಾಗೋ ವಿಷಯ ಬೇಕಾದಷ್ಟಿದೆ. ಮೊದಲನೇದು, ಇದನ್ನು ಹಾಕೋ ಮಷೀನು ಇವತ್ತಿಗೂ ಕಾರ್ಖಾನೆಗೆ ಬಂದಿಲ್ಲ. ಹೊಲಿಗೆ ಮಷೀನನ್ನೇ ನೋಡಿ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ತಗೊಂಡ ಲಾಕ್‌ಸ್ಟಿಚ್‌ನ ತತ್ವವೇ ಈಗಲೂ ನಡೀತಿರೋದು. ತುದಿಯಲ್ಲಿ ಕಣ್ಣಿರೋ ಸೂಜಿ ಬಟ್ಟೆ ತೂರಿ ಕೆಳಗೆ ಹೋಗುತ್ತೆ, ಅಲ್ಲಿ ಒಂದು ಕುಣಿಕೆ ಬಿಡುತ್ತೆ, ಬಾಬಿನ್ ದಾರ ಆ ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತೆ. ಪ್ರತಿ ಹೊಲಿಗೆಗೂ ಅದೇ ಚಲನೆ. ಅದಕ್ಕೇ ಗಾರ್ಮೆಂಟ್ಸ್‌ನ ಮಷೀನು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆವರೆಗೂ ಓಡಬಲ್ಲದು. ಸ್ವೆಟರ್ ಹೆಣಿಗೆಗೂ ಮಷೀನಿದೆ. ಅಲ್ಲಿ ಸಾಲಿನ ಕುಣಿಕೆಗಳೆಲ್ಲ ಸೂಜಿಗಳ ಮೇಲೆ ಸಾಲಾಗಿ ನಿಂತಿರುತ್ತವೆ.

ಕ್ರೋಶಾ ಹಾಗಲ್ಲ. ಕಡ್ಡಿ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಜೀವಂತ ಕುಣಿಕೆ. ಕಡ್ಡಿಯ ಕೊಕ್ಕೆ ಆಗಲೇ ಮುಗಿದ ಹೆಣಿಗೆಯಲ್ಲಿ ಎಲ್ಲಿಗೆ ಬೇಕಾದರೂ ನುಗ್ಗಬಹುದು: ಕೆಳಗಿನ ಸಾಲಿಗೆ, ಪಕ್ಕದ ಕಂಬಕ್ಕೆ, ಸೆರಗಿನ ಅಂಚಿಗೆ. ನುಗ್ಗಿ, ದಾರ ಹಿಡಿದು, ಹಿಂದೆ ಬಂದು, ಮೊದಲಿನ ಕುಣಿಕೆ ಒಳಗಿಂದ ಎಳೀಬೇಕು. ಎಡಗೈ ದಾರದ ಬಿಗಿ ನೋಡಿಕೊಳ್ಳುತ್ತೆ, ಬೆರಳು ಮುಂದಿನ ತೂತನ್ನು ಮುಟ್ಟಿ ಹುಡುಕುತ್ತೆ. ಲ್ಯಾಬ್‌ಗಳಲ್ಲಿ ಪ್ರಯತ್ನ ನಡೀತಿದೆ, ಆದರೆ ‘ಕ್ರೋಶಾ ಮಷೀನು’ ಅಂತ ಮಾರೋದು ಲೇಸು, ಪಟ್ಟಿ ಹೆಣೆಯೋ ಬೇರೆ ಜಾತಿ ಮಷೀನು. ಅಂದರೆ ನೀವು ಎಲ್ಲಾದರೂ ನಿಜವಾದ ಕ್ರೋಶಾ ಟಾಪ್ ನೋಡಿದರೆ, ಅದರ ಬೆಲೆ ಎಷ್ಟೇ ಇರಲಿ, ಯಾರೋ ಒಬ್ಬರು ಕೂತು ಕೈಯಲ್ಲೇ ಹಾಕಿರೋದು.

ಎರಡನೇದು ಲೆಕ್ಕ. ದುಂಡಗಿನ ಟೇಬಲ್ ಮ್ಯಾಟ್ ಹಾಕುವಾಗ ಮೊದಲ ಸುತ್ತಿಗೆ 6 ಹೆಣಿಗೆ, ಆಮೇಲೆ ಪ್ರತಿ ಸುತ್ತಿಗೂ 6 ಜಾಸ್ತಿ ಮಾಡುತ್ತಾ ಹೋದರೆ ಮ್ಯಾಟ್ ಚಪ್ಪಟೆಯಾಗಿ ಕೂರುತ್ತೆ. ಯಾಕೆ 6? ತ್ರಿಜ್ಯ ಒಂದು ಹೆಣಿಗೆಯಷ್ಟು ಬೆಳೆದರೆ ಪರಿಧಿ 2π, ಅಂದರೆ ಸುಮಾರು 6.28 ಹೆಣಿಗೆಯಷ್ಟು ಬೆಳೀಬೇಕು. ಹೆಣಿಗೆಯ ಎತ್ತರ, ಅಗಲ ಹತ್ತಿರ ಹತ್ತಿರ ಒಂದೇ ಇರೋದರಿಂದ 6 ಸಾಕು. ಕಮ್ಮಿ ಮಾಡಿದರೆ ಬಟ್ಟಲಾಗಿ ಟೋಪಿ ಥರ ಮಡಚಿಕೊಳ್ಳುತ್ತೆ, ಜಾಸ್ತಿ ಮಾಡಿದರೆ ನೆರಿಗೆ ನೆರಿಗೆಯಾಗಿ ಎದ್ದು ನಿಲ್ಲುತ್ತೆ. ಆ ನೆರಿಗೆಯನ್ನೇ 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಹೈಪರ್ಬಾಲಿಕ್ ಸಮತಲದ ಮಾದರಿ ಮಾಡೋಕೆ ಬಳಸಿದರು. ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಮಾದರಿ ದಾರದಲ್ಲಿ ಗಟ್ಟಿಯಾಗಿ ನಿಂತಿತು. ನಮ್ಮವ್ವ ಫ್ರಾಕಿನ ಅಂಚಿಗೆ ಹಾಕಿದ್ದೂ ಅದೇ ನೆರಿಗೆ. ಅವಳು ಅದಕ್ಕೆ ‘ಝಾಲರು’ ಅಂತಾಳೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಮ್ಮ ಚಿಕ್ಕವ್ವ ಇರೋದು ಮದ್ದೂರು–ಮಳವಳ್ಳಿ ರಸ್ತೆಯ ಕೆ.ಎಂ. ದೊಡ್ಡಿ ಹತ್ತಿರ. ಅವಳು ಮದ್ದೂರಿನ ಕಡೆ ಒಂದು ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಮುಂಜಾನೆ ಊರೂರಿಂದ ಹೆಂಗಸರನ್ನು ತುಂಬಿಕೊಂಡು ಹೋಗೋ ಬಸ್ಸುಗಳನ್ನು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡೋ ನಾವೆಲ್ಲ ನೋಡಿರ್ತೀವಿ. ಅಲ್ಲಿ ಒಂದು ಅಂಗಿಯನ್ನು ಹತ್ತಾರು ಕೆಲಸಗಳಾಗಿ ಒಡೆದಿರ್ತಾರೆ. ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಒಬ್ಬರಿಗೆ ಗುಂಡಿ ತೂತು. ಚಿಕ್ಕವ್ವ ಏಳು ವರ್ಷದಿಂದ ಬರೀ ತೋಳು ಜೋಡಿಸ್ತಾ ಇದ್ದಾಳೆ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಸೊಂಟ ನೋವು ಶುರುವಾದ ಮೇಲೆ ಅವಳಿಗೆ ಒಂದೇ ಯೋಚನೆ: ಕೆಲಸ ಬಿಟ್ಟು ಅಕ್ಕನ ಥರ ಮನೇಲೇ ಕೂತು ಕುಚ್ಚು ಹಾಕಿದರೆ ಹೇಗೆ? ಚಿಕ್ಕಪ್ಪನಿಗೆ ಇಷ್ಟ ಇಲ್ಲ. ಮಗ ಪಿಯುಸಿ ಓದ್ತಿದ್ದಾನೆ, ತಿಂಗಳ ಸಂಬಳ, ಪಿಎಫ್, ಇಎಸ್‌ಐ ಎಲ್ಲಾ ಬಿಡೋದಾ ಅಂತ. ಕೊನೆಗೆ ಚಿಕ್ಕವ್ವ ನನ್ನ ಕಡೆ ತಿರುಗಿ, ‘ನೀನು ಇಂಜಿನಿಯರು ಕಣವ್ವ, ನೀನೇ ಲೆಕ್ಕ ಹಾಕೇಳು. ನೀ ಹೇಳ್ದಂಗೆ ಮಾಡ್ತೀನಿ’ ಅಂದ್ಬಿಟ್ಟಳು.

ಪ್ರೊಡಕ್ಷನ್ ಪೇಪರ್‌ನಲ್ಲಿ ವರ್ಕ್ ಸ್ಟಡಿ ಓದಿದ್ದೆನಲ್ಲ, ಅದನ್ನೇ ತೆಗೆದೆ. ಕೆಲಸವನ್ನು ತುಂಡು ಮಾಡಿ ಸ್ಟಾಪ್‌ವಾಚ್‌ನಲ್ಲಿ ಅಳೀಬೇಕು, ಕೆಲಸದವರ ವೇಗಕ್ಕೆ ರೇಟಿಂಗ್ ಹಾಕಬೇಕು, ದಣಿವಿಗೆ, ನೀರು ಕುಡಿಯೋಕೆ ಅಂತ ಒಂದಿಷ್ಟು ಸಮಯ ಕೂಡಿಸಬೇಕು. ಬಂದದ್ದು ಸ್ಟ್ಯಾಂಡರ್ಡ್ ಟೈಮ್. ಚಿಕ್ಕವ್ವನ ಟಾರ್ಗೆಟ್ ನಿಗದಿಯಾಗೋದೂ ಇಂಥದೇ ಲೆಕ್ಕದಲ್ಲಿ. ಆದರೆ ಅವ್ವನ ಕೆಲಸಕ್ಕೆ ಈ ಲೆಕ್ಕ ಯಾರೂ ಹಾಕಿರಲಿಲ್ಲ.

ಒಂದು ಭಾನುವಾರ ಅವ್ವನ ಪಕ್ಕ ಮೊಬೈಲ್ ಇಟ್ಟುಕೊಂಡು ಕೂತೆ. ರೇಷ್ಮೆ ಸೀರೆ, ಕ್ರೋಶಾ ಕುಚ್ಚು. ಸೆರಗಿನ ಅಂಚಿಗೆ ಮೂರು ಸಾಲು ಹೆಣಿಗೆ, 75 ನಿಮಿಷ. ಗೊಂಡೆ 41, ಒಂದೊಂದಕ್ಕೆ 4 ನಿಮಿಷದಂತೆ 164. ದಾರ ಸುತ್ತೋದು, ಮಣಿ ಪೋಣಿಸೋದು, ತುದಿ ಕತ್ತರಿಸಿ ಸಮ ಮಾಡೋದು 41. ಒಟ್ಟು 280 ನಿಮಿಷ. ರೇಟಿಂಗ್ ನೂರಕ್ಕೆ ನೂರು, ಕಣ್ಣು–ಕತ್ತಿನ ದಣಿವಿಗೆ ಶೇ. 15 ಸೇರಿಸಿದರೆ 322 ನಿಮಿಷ. ಹತ್ತಿರ ಹತ್ತಿರ ಐದೂವರೆ ಗಂಟೆ. ಬೊಟಿಕ್‌ನವರು ಅವ್ವನಿಗೆ ಕೊಡೋದು 350 ರೂಪಾಯಿ. ದಾರ, ಮಣಿ ಅವ್ವಂದೇ, ಅದಕ್ಕೆ 70 ಕಳೆದರೆ ಉಳಿಯೋದು 280. ಗಂಟೆಗೆ 52 ರೂಪಾಯಿ. ಅದೇ ಸೀರೆಗೆ ಬೊಟಿಕ್‌ನವರು ಗಿರಾಕಿ ಹತ್ರ ತಗೊಳ್ಳೋದು 800.

‘ಐದೂವರೆ ಗಂಟೆನಾ?’ ಅವ್ವನಿಗೇ ನಂಬಿಕೆ ಬರಲಿಲ್ಲ. ‘ಅದ್ಯಾವ ಲೆಕ್ಕ ಬುಡು ಮಗ. ಬಿಡುವಾದಾಗ ಹಾಕೋದಲ್ವಾ?’

ಈ ‘ಬಿಡುವು’ ಅನ್ನೋ ಮಾತೇ ನನ್ನನ್ನು ಕೊರೀತು. ಅನ್ನಕ್ಕೆ ಇಟ್ಟು ಬಂದು ಹತ್ತು ಗೊಂಡೆ, ಧಾರಾವಾಹಿ ನೋಡ್ತಾ ಒಂದು ಸಾಲು, ಎಲ್ಲರೂ ಮಲಗಿದ ಮೇಲೆ ಉಳಿದದ್ದು. ತುಂಡು ತುಂಡಾಗಿ ಹೋಗೋದರಿಂದ ಸಮಯ ಲೆಕ್ಕಕ್ಕೇ ಸಿಗಲ್ಲ. ಲೆಕ್ಕಕ್ಕೆ ಸಿಗದ್ದಕ್ಕೆ ಬೆಲೆ ಕಟ್ಟೋದು ತಗೊಳ್ಳೋರು. ಗಿರಾಕಿಗಳೂ ಅಷ್ಟೇ, ‘ದಾರ ತಾನೇ ಅಕ್ಕ, ಮುನ್ನೂರು ಮಾಡ್ಕೊಳ್ಳಿ’ ಅಂತಾರೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಆಂಧ್ರದ ಗೋದಾವರಿ ತೀರದಲ್ಲಿ ನರಸಾಪುರ ಅಂತ ಊರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಅಲ್ಲಿಂದ ವಿದೇಶಕ್ಕೆ ಹೋಗುತ್ತೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಬಗ್ಗೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ದಿನಕ್ಕೆ ಎಷ್ಟೋ ಗಂಟೆ ಹೆಣೆದರೂ ಅವರನ್ನು ಎಲ್ಲರೂ ಗೃಹಿಣಿಯರು, ಬಿಡುವಿನಲ್ಲಿ ಕೆಲಸ ಮಾಡೋರು ಅಂತಲೇ ನೋಡ್ತಾರೆ, ಕೂಲಿ ಅಷ್ಟು ಕಮ್ಮಿ ಇರೋಕೆ ಅದೇ ಕಾರಣ ಅನ್ನೋದು ಅವರ ವಾದ. ನಲವತ್ತಕ್ಕೂ ಹೆಚ್ಚು ವರ್ಷ ಆದಮೇಲೆ ಮಳವಳ್ಳಿಯ ನಮ್ಮ ಅಡುಗೆಮನೆಗೂ ಆ ಮಾತು ಸರಿಯಾಗಿ ಹೊಂದುತ್ತೆ.

ಚಿಕ್ಕವ್ವನ ಲೆಕ್ಕ ಬಾಕಿ ಇತ್ತಲ್ಲ. ಅವ್ವನ ನೋಟ್‌ಬುಕ್‌ನಲ್ಲಿ ಹೋದ ವರ್ಷದ ಸೀರೆ ಎಣಿಸಿದೆ: 204. ಮದುವೆ ಸೀಸನ್‌ನಲ್ಲಿ ದಿನಕ್ಕೊಂದು ಇದ್ದರೆ, ಆಷಾಢ, ಪಿತೃಪಕ್ಷ, ಧನುರ್ಮಾಸ ಬಂದರೆ ಕಡ್ಡಿ ಡಬ್ಬಕ್ಕೆ. ಎಲ್ಲವೂ ಕ್ರೋಶಾ ಕುಚ್ಚೇ ಅಂದ್ಕೊಂಡು ಒಂದಕ್ಕೆ 280ರಂತೆ ಹಾಕಿದರೂ ವರ್ಷಕ್ಕೆ 57,120. ತಿಂಗಳಿಗೆ 4,760. ಚಿಕ್ಕವ್ವನ ಸಂಬಳದ ಅರ್ಧಕ್ಕೂ ಕಮ್ಮಿ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಸೊಂಟ ನೋವಿರೋಳಿಗೆ ‘ಇನ್ನೂ ತೋಳು ಜೋಡಿಸ್ತಾ ಇರು ಚಿಕ್ಕವ್ವ’ ಅಂತ ಹೇಳೋದು ಸುಲಭ ಇರಲಿಲ್ಲ. ಕಾಗದದ ಮೇಲೆ ಬರೆದು ಅವಳ ಮುಂದೇನೇ ಕೂಡಿಸಿ ತೋರಿಸಿದೆ. ಸುಮಾರು ಹೊತ್ತು ನೋಡಿ, ‘ಅಂದ್ರೆ ಅಕ್ಕ ಇಷ್ಟು ದಿನ ಇಷ್ಟಕ್ಕೆ ಗೇಯ್ದಿದ್ದಾ?’ ಅಂದಳು. ತನ್ನ ವಿಷಯ ಮರೆತೇಬಿಟ್ಟಿದ್ದಳು. ಅವ್ವ ಮಾತಾಡಲಿಲ್ಲ.

ಎರಡು ದಿನ ಆದಮೇಲೆ ಅವ್ವ ಬೊಟಿಕ್‌ಗೆ ಹೋಗಿ ಇನ್ಮೇಲೆ ಕ್ರೋಶಾ ಕುಚ್ಚಿಗೆ 550 ಅಂತ ಹೇಳಿ ಬಂದಳು. ಅವರು ಒಪ್ಪಲಿಲ್ಲ, ಬೇರೆಯವರಿಗೆ ಕೊಟ್ಟರು. ಮೊದಲ ತಿಂಗಳು ಮನೇಲಿ ಸೀರೆ ಕವರುಗಳೇ ಇರಲಿಲ್ಲ. ನನ್ನ ಹಾಸ್ಟೆಲ್ ಫೀಸಿನ ತಿಂಗಳು ಬೇರೆ. ಅಪ್ಪ ಏನೂ ಅನ್ನದೆ ಹೊಂದಿಸಿದರು. ಆಮೇಲೆ ಅಕ್ಕಪಕ್ಕದ ಊರುಗಳಿಂದ ನೇರವಾಗಿ ಮನೆಗೇ ಬರೋಕೆ ಶುರುವಾದರು. ಮೊದಲಿನಷ್ಟು ಸೀರೆ ಈಗ ಇಲ್ಲ, ಆದರೆ ಗಂಟೆಯ ಲೆಕ್ಕದಲ್ಲಿ ಕೈಗೆ 89 ರೂಪಾಯಿ ಉಳಿಯುತ್ತೆ. ಯಾರಾದರೂ ಚೌಕಾಸಿ ಮಾಡಿದರೆ ಅವ್ವ ಜಗಳ ಆಡಲ್ಲ. ‘ಐದೂವರೆ ಗಂಟೆ ಕೆಲ್ಸ ಕಣವ್ವ ಇದು’ ಅಂತಾಳೆ, ಅಷ್ಟೇ. ಕೆಲವರು ಎದ್ದು ಹೋಗ್ತಾರೆ, ಕೆಲವರು ಕೊಡ್ತಾರೆ.

ಚಿಕ್ಕವ್ವ ಇನ್ನೂ ಗಾರ್ಮೆಂಟ್ಸ್‌ಗೆ ಹೋಗ್ತಿದ್ದಾಳೆ. ಭಾನುವಾರ ಮಳವಳ್ಳಿಗೆ ಬಂದು ಅಕ್ಕನ ಪಕ್ಕ ಕೂತು ಗೊಂಡೆ ಕಟ್ಟೋದು ಕಲೀತಿದ್ದಾಳೆ. ಮಗನ ಪಿಯುಸಿ ಮುಗೀಲಿ, ಅಲ್ಲಿವರೆಗೆ ನೇರ ಗಿರಾಕಿ ಎಷ್ಟಾಗ್ತಾರೋ ನೋಡಿ ತೀರ್ಮಾನ ಮಾಡೋಣ ಅಂತ ಇಬ್ಬರೂ ಮಾತಾಡ್ಕೊಂಡಿದ್ದಾರೆ. ಮೊನ್ನೆ ಒಂದು ರವಿಕೆಯನ್ನು ಕತ್ತರಿಸೋದರಿಂದ ಹಿಡಿದು ಹುಕ್ಕು ಹಾಕೋವರೆಗೆ ಒಬ್ಬಳೇ ಹೊಲಿದಳು. ಏಳು ವರ್ಷ ಬರೀ ತೋಳು ಜೋಡಿಸಿದವಳು ಪೂರ್ತಿ ಬಟ್ಟೆ ಮುಗಿಸಿ, ಅದನ್ನು ಮೊಳೆಗೆ ನೇತುಹಾಕಿ ಫೋಟೋ ತೆಗೆದು ನನಗೆ ಕಳಿಸಿದ್ದಳು.

ನಮ್ಮ ಕ್ಯಾಂಪಸ್ಸಿನಲ್ಲಿ ನನ್ನಂಥವರು ಇನ್ನೂ ಎಷ್ಟೋ ಜನ ಇರಬೇಕು. ನಿಮ್ಮನೇಲೂ ಯಾರಾದರೂ ಕುಚ್ಚು ಹಾಕ್ತಿರಬಹುದು, ರವಿಕೆ ಹೊಲೀತಿರಬಹುದು, ಹೂ ಕಟ್ತಿರಬಹುದು. ಈ ಸಲ ಊರಿಗೆ ಹೋದಾಗ ಒಂದು ದಿನ ಪಕ್ಕದಲ್ಲಿ ಕೂತು ಸ್ಟಾಪ್‌ವಾಚ್ ಒತ್ತಿ. ಅನ್ನ ಇಳಿಸೋಕೆ ಎದ್ದಾಗ ನಿಲ್ಲಿಸಿ, ಮತ್ತೆ ಕೂತಾಗ ಶುರು ಮಾಡಿ. ಬಂದ ನಿಮಿಷಗಳನ್ನು ಅವರದ್ದೇ ನೋಟ್‌ಬುಕ್‌ನಲ್ಲಿ ಬರೆದುಕೊಟ್ಟು ಬನ್ನಿ. ರೇಟು ಎಷ್ಟು ಹೇಳಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ.