ಬೋರು ಭಾಷಣ, ಕದ್ದು ಬರೆದ ಕತೆ
ನವರಂಗಪುರದ ಪಿ.ಆರ್.ಎಲ್. ಸಂಶೋಧನಾಲಯದ ಮುಂದೆ ಹಾದು ಬ್ಯಾಂಕಿಗೆ ಹೋಗುವಾಗೆಲ್ಲ ನನಗೆ 2025ರಲ್ಲಿ ತೀರಿಕೊಂಡ ಜಯಂತ ನಾರ್ಳೀಕರರ ನೆನಪು. ಮುಂಬಯಿಯ ಟಿ.ಐ.ಎಫ್.ಆರ್.ನಲ್ಲಿ ಖಗೋಳ ವಿಜ್ಞಾನಿಯಾಗಿದ್ದವರು 1974ರ ಸುಮಾರಿಗೆ ಇದೇ ಅಹಮದಾಬಾದಿನ ವಿಚಾರಸಂಕಿರಣವೊಂದರಲ್ಲಿ, ಭಾಷಣ ಬೋರಾಯಿತೆಂದು, ಮರಾಠಿಯಲ್ಲಿ ಕಪ್ಪುಕುಳಿಯ ಕತೆ ಬರೆಯತೊಡಗಿದರಂತೆ! ಸ್ಪರ್ಧೆಗೆ ಕಳಿಸಿದ್ದು ಇನಿಶಿಯಲ್ ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಲ್ಲಿ. ಕೈಬರಹ ಗುರುತು ಸಿಗದಿರಲೆಂದು ನಕಲು ಮಾಡಿದವರು ಹೆಂಡತಿ ಮಂಗಲಾ. ಮೊದಲ ಬಹುಮಾನ ಬಂತು. ಆಮೇಲೆ ಕಾದಂಬರಿಗಳೂ ಬಂದವು. ಸಂಶೋಧನೆ ಮಾತ್ರ ನಿಲ್ಲಲಿಲ್ಲ.

ನಮ್ಮ ಮೀಟಿಂಗುಗಳೂ ಬೋರೇ ಸ್ವಾಮಿ... ಒಮ್ಮೆ ಡಿಪಾಸಿಟ್ ಟಾರ್ಗೆಟ್ಟಿನ ಮಾತಿನ ನಡುವೆ, ಚಂದ್ರನ ಮೇಲೆ ತೆರೆದ ಬ್ರಾಂಚಿನ ಕತೆ ಶುರು ಮಾಡಿದ್ದೆ. ಎರಡು ಪುಟ ಓದಿದ ನನ್ನವಳು "ಮುಂದೇನಾಯ್ತು?" ಅಂದಳು. ಹದಿನೈದು ವರ್ಷವಾಯಿತು. ಈಗ ಅವಳು ಕೇಳುವುದನ್ನೂ ಬಿಟ್ಟಿದ್ದಾಳೆ.