ದೊಡ್ಡಪ್ಪನ ಭಾನುವಾರ ಮತ್ತು ಕಾರಿನ ಎಣ್ಣೆ

ವಜ್ರಳ್ಳಿಯ ನಮ್ಮ ಮನೆ ಅಂಗಳದ ಮೂಲೆಯಲ್ಲಿ, ತಗಡಿನ ಮಾಡಿನ ಕೆಳಗೆ ಒಂದು ಕೆಂಪು ಕಾರು ನಿಂತಿದೆ. ಪೋಲೊ ಜಿಟಿ ಟಿಎಸ್‌ಐ. ನೋಡಲು ಸಣ್ಣ ಕಾರು, ಇಂಜಿನ್ನೂ 1.2 ಲೀಟರಿನದ್ದೇ. ಆದರೆ ಟರ್ಬೊ ಇರುವುದರಿಂದ 105 ಕುದುರೆಯ ಶಕ್ತಿ. ಸ್ಪೋರ್ಟ್ಸ್ ಕಾರು ಎಂದರೆ ಪೇಟೆಯವರು ನಕ್ಕಾರು. ನಮ್ಮ ಕೇರಿಯ ಹುಡುಗರಿಗೆ ಮಾತ್ರ ಅದು ಸ್ಪೋರ್ಟ್ಸ್ ಕಾರೇ.

ಕಾರು ನಮ್ಮದಲ್ಲ, ದೊಡ್ಡಪ್ಪನ ಮಗನದ್ದು. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದ. ಮೇ ತಿಂಗಳಲ್ಲಿ ಕಂಪನಿಯವರು ಜರ್ಮನಿಗೆ ಕಳಿಸಿದಾಗ ಊರಿಗೆ ತಂದು ಬಿಟ್ಟು ಹೋದ. "ಮಾರಬೇಡಿ, ವಾರಕ್ಕೊಂದು ಸಲ ಸ್ಟಾರ್ಟ್ ಮಾಡ್ತಾ ಇರಿ" ಅಂದಿದ್ದ. ಹೊರಡುವ ಮುಂಚೆ ಎಣ್ಣೆ ಬದಲಿಸಿಯೂ ಇದ್ದ.

ನಾವೆಂದರೆ ಅಣ್ಣ ತಂಗಿ ಇಬ್ಬರು. ಕಾರು ನೋಡಿಕೊಳ್ಳುವುದು ನಮ್ಮ ಕೆಲಸ ಅಂತ ಮಾತಾಗಿತ್ತು, ಆದರೆ ದೊಡ್ಡಪ್ಪ ನಮಗೆ ಬಿಡಲೇ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಕೀಲಿ ಹಿಡಿದು ಬರುತ್ತಿದ್ದರು. ಸ್ಟಾರ್ಟ್ ಮಾಡಿ ಐದು ನಿಮಿಷ ನಿಂತಲ್ಲೇ ಓಡಿಸಿ, ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಗನಿಗೆ ವಾಟ್ಸಾಪ್ ಮಾಡುತ್ತಿದ್ದರು. ಅವನು ಅಲ್ಲಿಂದ ಒಂದು ಹೆಬ್ಬೆರಳು ಕಳಿಸುತ್ತಿದ್ದ. ಅಪ್ಪ ಮಗ ಫೋನಿನಲ್ಲಿ ಮಾತಾಡುವುದು ಕಡಿಮೆ. ಇದೇ ಅವರ ಮಾತುಕತೆ.

ಮಳೆಗಾಲವಿಡೀ ಕಾರು ರಸ್ತೆಗೆ ಇಳಿಯಲಿಲ್ಲ. 2021ರ ಜುಲೈಯಲ್ಲಿ ಕಳಚೆಯ ಗುಡ್ಡ ಜರಿದು, ಅರಬೈಲ್ ಘಟ್ಟದ ರಸ್ತೆ ಕುಸಿದದ್ದನ್ನು ಕಂಡವರು ನಾವು. ಆಮೇಲೆ ಜೋರು ಮಳೆಯಲ್ಲಿ ಬೇರೆಯವರ ಕಾರು ಹೊರಗೆ ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

ನವರಾತ್ರಿಯ ಆಯುಧ ಪೂಜೆಗೆ ಕಾರು ತೊಳೆದೆವು. ಬಾನೆಟ್ ಎತ್ತಿದ್ದೇ, ಎಣ್ಣೆಯ ಕಡ್ಡಿಯನ್ನೂ ಎಳೆದು ನೋಡಿದೆವು. ಎಣ್ಣೆ ಮೇಲಿನ ಗೆರೆ ದಾಟಿ ನಿಂತಿತ್ತು. ದೊಡ್ಡಪ್ಪನಿಗೆ ಖುಷಿಯೋ ಖುಷಿ.

"ನೋಡು ತಮಾ, ಒಂದು ಹನಿ ಕಮ್ಮಿ ಆಜಿಲ್ಲೆ, ಹೆಚ್ಚೇ ಇದ್ದು!"

ನಮಗೆ ಅಲ್ಲೇ ಅನುಮಾನ ಬಂತು. ಇಂಜಿನ್ ಎಣ್ಣೆ ಕಮ್ಮಿಯಾಗಬಹುದು, ಇದ್ದಷ್ಟೇ ಇರಬಹುದು. ಹೆಚ್ಚಾಗುವುದೆಂದರೆ ಬೇರೇನೋ ಸೇರಿದೆ ಎಂದರ್ಥ. ಕಡ್ಡಿಯನ್ನು ಮೂಸಿದೆವು. ಪೆಟ್ರೋಲ್ ವಾಸನೆ. ಎಣ್ಣೆ ಹೊಯ್ಯುವ ಮುಚ್ಚಳ ತೆಗೆದರೆ ಅದರ ಒಳಮೈಗೆ ಮಜ್ಜಿಗೆಯ ನೊರೆಯ ಹಾಗೆ ಬಿಳಿ ಅಂಟು.

ಆಗಿದ್ದು ಇಷ್ಟು. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆದಾಗ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಅದೆಲ್ಲ ಪೂರ್ತಿ ಉರಿಯುವುದಿಲ್ಲ, ಸ್ವಲ್ಪ ಸಿಲಿಂಡರಿನ ಗೋಡೆಗುಂಟ ಇಳಿದು ಕೆಳಗಿನ ಎಣ್ಣೆಗೆ ಸೇರುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಇಂಥ ಇಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಉರಿದಾಗ ಹುಟ್ಟುವ ನೀರಿನ ಆವಿಯೂ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗುತ್ತದೆ. ಅರ್ಧ ಮುಕ್ಕಾಲು ತಾಸು ಚೆನ್ನಾಗಿ ಓಡಿಸಿದರೆ ಎಣ್ಣೆ ಬಿಸಿಯಾಗಿ ನೀರು ಆರಿ ಹೋಗುತ್ತದೆ, ಪೆಟ್ರೋಲೂ ಬಹುಪಾಲು ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಎಣ್ಣೆ ಬಿಸಿಯೇ ಆಗುವುದಿಲ್ಲ. ವಾರ ವಾರ ಸೇರುತ್ತಲೇ ಹೋಗುತ್ತದೆ. ಹೊರಗೆ ನಮ್ಮ ಮಳೆಗಾಲದ ಥಂಡಿ ಬೇರೆ.

ಅಪ್ಪನ ಹಳೆ ಮಹೀಂದ್ರ ಜೀಪು ಇಂಥದ್ದನ್ನೆಲ್ಲ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅದಕ್ಕೆ ಟರ್ಬೊ ಇಲ್ಲ. ಟರ್ಬೊ ಎಂದರೆ, ಇಂಜಿನ್ನಿನ ಹೊಗೆ ಹೊರಹೋಗುವ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ, ಅದೇ ಸರಳಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತದೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆ ಸರಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗಬಲ್ಲದು. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಕತೆ ಮುಗಿಯಿತು. ಇಂಜಿನ್ನಿನಿಂದ ಸಪೂರ ಪೈಪಿನಲ್ಲಿ ಬರುವ ಎಣ್ಣೆಯ ಪದರದ ಮೇಲೆ ಅದು ತೇಲುತ್ತಿರುತ್ತದೆ. ಆ ಎಣ್ಣೆ ಪೆಟ್ರೋಲ್ ಸೇರಿ ನೀರಾದರೆ ಪದರ ತೆಳುವಾಗುತ್ತದೆ. ಟರ್ಬೊ ಹೋದರೆ ಹೊಸದಕ್ಕೆ ನಮ್ಮಂಥವರ ಒಂದು ವರ್ಷದ ಗೊಬ್ಬರದ ಖರ್ಚು.

ಮಗನಿಗೆ ಫೋನ್ ಮಾಡಿದೆವು. ಅವನು ತುಸು ಹೊತ್ತು ಸುಮ್ಮನಿದ್ದು, "ಎಣ್ಣೆ ಬದಲಿಸಿ, ದುಡ್ಡು ಹಾಕ್ತೇನೆ. ಆದರೆ ಅಪ್ಪಯ್ಯಂಗೆ ಹೇಳಬೇಡಿ" ಅಂದ.

ಇಲ್ಲಿ ನಮಗೆ ತಲೆಬಿಸಿ ಶುರುವಾಯಿತು. ಹೇಳದಿದ್ದರೆ ದೊಡ್ಡಪ್ಪ ಮುಂದಿನ ಭಾನುವಾರವೂ ಅದನ್ನೇ ಮಾಡುತ್ತಾರೆ. ಹೇಳಿದರೆ ಭಾನುವಾರವೇ ಹೋಗುತ್ತದೆ. ಎರಡು ದಿನ ನಾವಿಬ್ಬರೂ ಜಗಳವಾಡಿದೆವು. ಕಡೆಗೆ ಎಣ್ಣೆ ಬದಲಿಸುವಾಗ ಅವರನ್ನೂ ಕೂರಿಸಿಕೊಂಡರೆ ಕಂಡದ್ದನ್ನು ಅವರೇ ಕೇಳುತ್ತಾರೆ ಎಂದುಕೊಂಡೆವು.

ಎಣ್ಣೆ ತರಲು ಯಲ್ಲಾಪುರಕ್ಕೆ ಹೋದೆವು. ಅಪ್ಪ ಸುಮ್ಮನೆ ಖರ್ಚು ಎಂದರು. "ಜೀಪಿಗೆ ತಂದ ಡಬ್ಬಿಯೇ ಇದೆಯಲ್ಲ, ಅದನ್ನೇ ಹೊಯ್ಯಿ." ಅದು 15ಡಬ್ಲ್ಯೂ-40, ಡೀಸೆಲ್ ಜೀಪಿಗೆ ಒಳ್ಳೆಯ ಎಣ್ಣೆ. ಈ ಕಾರಿನ ಪುಸ್ತಕ ಕೇಳುವುದು 5ಡಬ್ಲ್ಯೂ-40 ಥರದ ಪೂರ್ತಿ ಸಿಂಥೆಟಿಕ್, ಜೊತೆಗೆ ಡಬ್ಬಿಯ ಹಿಂದೆ 502 00 ಎಂಬ ನಂಬರು ಇರಬೇಕು. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಮುಂದಿನ ಅಂಕೆ ಚಿಕ್ಕದಿದ್ದಷ್ಟೂ ತಣ್ಣಗಿರುವಾಗ ಎಣ್ಣೆ ಬೇಗ ಹರಿದು ಟರ್ಬೊ ಮುಟ್ಟುತ್ತದೆ. ಡಬ್ಬಿಯ ಸೀಲು ಅಂಗಡಿಯಲ್ಲೇ ನೋಡಿ ತಂದೆವು. ಹಳೆ ಡಬ್ಬಿಗೆ ಕಳಪೆ ಎಣ್ಣೆ ತುಂಬಿ ಮಾರುವುದೂ ಉಂಟು. ಅದಕ್ಕೇ ನಾವು ಖಾಲಿ ಡಬ್ಬಿಗೆ ತೂತು ಕೊರೆದೇ ಗುಜರಿಗೆ ಹಾಕುವುದು.

ಜೀಪಿಗೆಂದು ಅಪ್ಪ ಹಿಂದೆ ಕಟ್ಟಿಸಿದ ಎರಡು ಕಲ್ಲಿನ ದಿಣ್ಣೆಗಳಿವೆ. ಕಾರನ್ನು ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗೆ ಮಾಡಿ, ಅದರ ಮೇಲೆ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ಬರೀ ಜಾಕಿನ ಮೇಲೆ ಎತ್ತಿದ ಕಾರಿನಡಿ ಯಾರೂ ಮಲಗಬೇಡಿ. ಕೆಳಗಿನ ನಟ್ಟು ಬಿಚ್ಚಲು ಮಾತ್ರ ಸಾಕುಬೇಕಾಯಿತು. ಹಿಂದೆ ಯಾರೋ ಉದ್ದ ಪೈಪು ಹಾಕಿ ಬಿಗಿದಿದ್ದರು. ಎಳೆ ಎಲ್ಲಿ ಹೋಗುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು.

ಎಣ್ಣೆ ಇಳಿಯಿತು. ದೊಡ್ಡಪ್ಪ ಮಣೆ ಹಾಕಿಕೊಂಡು ಕೂತಿದ್ದರು. ಬೆರಳ ಮೇಲೆ ಹಳೆಯದನ್ನು ಒಂದು ಹನಿ, ಇನ್ನೊಂದು ಬೆರಳ ಮೇಲೆ ಹೊಸದನ್ನು ಒಂದು ಹನಿ ಹಾಕಿ ಕೊಟ್ಟೆವು. ಉಜ್ಜಿ ನೋಡಿದರು. ಹಳೆಯದು ನೀರು ನೀರು. ಮೂಗಿಗೆ ಹಿಡಿದರು.

"ಪೆಟ್ರೋಲು?"

ಹೌದು ಎಂದು ಹೇಳಿದೆವು. ಯಾಕೆ ಅಂತಲೂ ಹೇಳಿದೆವು. ಅವರು ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದರು.

"ಹಂಗಾರೆ ಆನು ಇಷ್ಟು ದಿನ ಮಾಡಿದ್ದು ತಪ್ಪನಾ?"

ಅವರು ತಪ್ಪು ಮಾಡಲಿಲ್ಲ, ಹೇಳಿದಷ್ಟನ್ನು ಮಾಡಿದರು. ಹೇಳಿದವನು ಅರ್ಧ ಹೇಳಿದ್ದ. ಬ್ಯಾಟರಿ ಸಾಯದೆ ಉಳಿದದ್ದು, ಇಲಿ ಬಾನೆಟ್ಟಿನೊಳಗೆ ಗೂಡು ಕಟ್ಟದೆ ಇದ್ದದ್ದು ಅವರಿಂದಲೇ. ಇದನ್ನೂ ಹೇಳಿದೆವು. ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಉಳಿದದ್ದು ಬೇಗ ಆಯಿತು. ಫಿಲ್ಟರ್ ಹೊಸದು, ಅದರ ರಬ್ಬರಿಗೆ ಬೆರಳಿಂದ ಎಣ್ಣೆ ಸವರಿ ಕೈಯಲ್ಲೇ ಬಿಗಿ. ಕೆಳಗೂ ಹೊಸ ನಟ್ಟು, ಹೊಸ ವಾಷರು. ಮೊದಲು ಮೂರು ಲೀಟರ್ ಹೊಯ್ದು, ಆಮೇಲೆ ಕಡ್ಡಿ ನೋಡಿ ನೋಡಿ ಸ್ವಲ್ಪ ಸ್ವಲ್ಪ. ಸ್ಟಾರ್ಟ್ ಮಾಡಿದ ಮೇಲೆ ಎಣ್ಣೆಯ ಕೆಂಪು ದೀಪ ಆರುವ ತನಕ ಆಕ್ಸಿಲರೇಟರ್ ಮುಟ್ಟಲಿಲ್ಲ, ಖಾಲಿ ಫಿಲ್ಟರು ತುಂಬಿ ಟರ್ಬೊಗೆ ಎಣ್ಣೆ ಮುಟ್ಟಬೇಕಲ್ಲ.

ಹಳೆ ಎಣ್ಣೆಯ ವಿಚಾರದಲ್ಲಿ ಅಪ್ಪನಿಗೂ ನಮಗೂ ಇನ್ನೊಂದು ಸುತ್ತು. ನಮ್ಮ ಕಡೆ ಅದು ಕೊಟ್ಟಿಗೆಯ ಕಂಬಕ್ಕೆ, ಬೇಲಿ ಗೂಟಕ್ಕೆ ಒರಲೆ ಹತ್ತದಂತೆ ಬಳಿಯಲು. ನಾವೂ ಬಳಿದವರೇ. ಆದರೆ ಸರ್ಕಾರದ 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಮಳೆಗೆ ತೊಳೆದದ್ದು ತೋಟದ ಕಪ್ಪಿಗೆ, ಕಪ್ಪಿಂದ ಹಳ್ಳಕ್ಕೆ, ಹಳ್ಳದಿಂದ ಗಂಗಾವಳಿಗೆ. ಕುಡಿಯುವ ನೀರಿಗೆ ಹಳ್ಳದ ಪೈಪನ್ನೇ ನಂಬಿದ ಮನೆಗಳು ಕೆಳಗೆ ಇವೆ. ಈ ಸಲ ಡಬ್ಬಿಯಲ್ಲಿ ತುಂಬಿ, ಬ್ಯಾರೆಲಿನಲ್ಲಿ ಕೂಡಿಟ್ಟು ಮರುಬಳಕೆಯವರಿಗೆ ಕೊಡುವ ಒಂದು ಗ್ಯಾರೇಜಿಗೆ ಕೊಟ್ಟು ಬಂದೆವು. ಅಪ್ಪ ಎರಡು ದಿನ ಕಂಬ ತೋರಿಸುತ್ತಿದ್ದರು.

ಮುಂದಿನ ಭಾನುವಾರ ದೊಡ್ಡಪ್ಪ ಬರಲಿಲ್ಲ. ಜರ್ಮನಿಯಿಂದ ಮಧ್ಯಾಹ್ನ ನಮಗೆ ಫೋನು ಬಂತು. "ಅಪ್ಪಯ್ಯ ಇವತ್ತು ಎಂತಕ್ಕೆ ಸೌಂಡ್ ಕಳಿಸಿಲ್ಲ?"

ಅದರ ಮುಂದಿನ ಭಾನುವಾರ ನಾವೇ ಅವರ ಮನೆಗೆ ಹೋಗಿ ಕೀಲಿ ಕೇಳಿದೆವು, ಅವರನ್ನೂ ಕರೆದೆವು. ಬೇಡ ಬೇಡ ಅನ್ನುತ್ತಲೇ ಮುಂದಿನ ಸೀಟಿನಲ್ಲಿ ಕೂತರು. ಇಡಗುಂದಿಗೆ ಬಂದು ಅರಬೈಲ್ ಘಟ್ಟ ಇಳಿದು ತಿರುಗಿ ಹತ್ತಿದೆವು. ತಿರುವಿನಲ್ಲಿ ಟರ್ಬೊ ಸೀಟಿ ಹೊಡೆದ ಹಾಗೆ ಸಣ್ಣಗೆ ಕೂಗುವುದು ಅವರಿಗೆ ಹೊಸದು. ನಿಂತ ಕಾರಿನಲ್ಲಿ ಆ ಸದ್ದು ಬರುವುದಿಲ್ಲ.

ಘಟ್ಟ ಹತ್ತಿ ನಿಲ್ಲಿಸಿದಾಗ ಅವರ ಕೈ ಅಭ್ಯಾಸಬಲದಿಂದ ಕೀಲಿಗೆ ಹೋಯಿತು. ತಡೆದೆವು. ಟರ್ಬೊ ಕೆಂಡದಂತೆ ಕಾದಿರುವಾಗ ಒಮ್ಮೆಲೇ ಆಫ್ ಮಾಡಿದರೆ ಎಣ್ಣೆಯ ಹರಿವು ನಿಂತು, ಒಳಗೆ ಉಳಿದದ್ದು ಸೀದು ಕರಿಯಾಗಿ ಅಂಟಬಹುದು. ಒಂದೆರಡು ನಿಮಿಷ ಹಾಗೇ ಬಿಡಬೇಕು.

"ಒಂದು ಕವಳ ಹಾಕುವಷ್ಟು ಹೊತ್ತಾ?" ಅಂತ ಕೇಳಿ ಸಂಚಿ ತೆಗೆದರು. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚುವ ತನಕ ಇಂಜಿನ್ ಓಡುತ್ತಿತ್ತು. ಬಾಯಿಗೆ ಹಾಕಿಕೊಂಡು ಅವರೇ ಕೀಲಿ ತಿರುಗಿಸಿದರು. ಆಮೇಲೆ ಮೊಬೈಲು ನಮ್ಮ ಕೈಗೆ ಕೊಟ್ಟರು. ಘಟ್ಟ ಹತ್ತುವಾಗಿನ ಸದ್ದು ಅದರಲ್ಲಿತ್ತು, ಯಾವಾಗ ರೆಕಾರ್ಡ್ ಮಾಡಿದ್ದರೋ. ಕವಳ ತುಂಬಿದ ಬಾಯಿಯಿಂದ ಮಾತಾಡಲಾಗದೆ, ಕಳಿಸು ಎಂದು ಕೈ ಸನ್ನೆ ಮಾಡಿದರು.